ಡಾಕ್ಟರಮ್ಮನ ಮುಂದೆ ನನ್ನ ಹೀಬ್ರೂ

ನಿಜಾಮರ ಆಡಳಿತ ಹೋಗಿ ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಯಾದಗಿರಿಯ ಕಚೇರಿಗಳಲ್ಲಿ ಉರ್ದು ಮೂಲೆಗೆ ಸರಿದು ಕನ್ನಡ ಮೇಜಿಗೇರಿತ್ತು. ಉರ್ದು ಮಾಸ್ತರನಾದ ನನ್ನ ಪಾಂಡಿತ್ಯವನ್ನು ಕೇಳುವವರೇ ಇರಲಿಲ್ಲ. ಇಂಥ ದುರ್ಭಿಕ್ಷ ಕಾಲದಲ್ಲಿ ಮುಂಬೈಯಿಂದ ಊರಿಗೊಬ್ಬ ಡಾಕ್ಟರಮ್ಮ ಬಂದರು. ಯಹೂದಿಯಂತೆ!

"ಯಹೂದಿ ಅಂದ್ರ ಇಂಗ್ಲಿಷ್ ಮಂದಿರಿ ಮಾಸ್ತರ," ಎಂದ ಪಕ್ಕದ ಮನೆಯ ಬಟ್ಟೆ ವ್ಯಾಪಾರಿ ಗುರಣ್ಣ.

ಈ ಅಜ್ಞಾನಿಗಳ ನಡುವೆ ಬಾಳಬೇಕಲ್ಲ ಎಂದು ನನಗೆ ಹೇಸಿಗೆಯಾಯಿತು.

"ನಿನಗೇನ್ ತಿಳೀತದ, ಅರಿವಿ ಅಳೆಯೋದು ಬಿಟ್ರ? ಯಹೂದಿ ಕೂಸು ಹುಟ್ಟಿದ ಕೂಡ್ಲೆ ಹೀಬ್ರೂದಾಗ ಅಳ್ತದ! ಹೀಬ್ರೂ ಅಂದ್ರ ಅರಬ್ಬಿಯ ತಂಗಿ. ಅರಬ್ಬಿ ಗಂಟಲದಾಗಿಂದ ಬರ್ತದ, ಹೀಬ್ರೂ ಹೊಟ್ಟ್ಯಾಗಿಂದ. ಅಷ್ಟ ಫರಕ್!"

ಈ ಸಿದ್ಧಾಂತವನ್ನು ನನಗೆ ಯಾರೂ ಕಲಿಸಿದ್ದಲ್ಲ. ಪೂರ್ತಿ ಸ್ವಂತದ್ದು!

ಒಂದು ದಿನ ಒಲೆಗೆ ಕುಳ್ಳು ತೆಗೆಯಲು ಹೋದ ನನ್ನ ಹೆಂಡತಿ ಶಾಂತಾಬಾಯಿಯ ಬೆರಳಿಗೆ ಚೇಳು ಕಡಿಯಿತು. "ಸಾಯ್ತೀನ್ರಿ!" ಎಂದು ಒದ್ದಾಡತೊಡಗಿದಳು. ನನಗೆ ಗಾಬರಿಯಾಯಿತು. ಸುಳ್ಳೇಕೆ, ಒಂದು ಸಣ್ಣ ಖುಷಿಯೂ ಆಯಿತು. ಡಾಕ್ಟರಮ್ಮನಿಗೆ ದುಭಾಷಿ ಬೇಕಲ್ಲ!

"ಅಲ್ಲಿ ನೀ ಬಾಯಿ ಬಿಡಬ್ಯಾಡ. ನಾ ಮಾತಾಡ್ತೀನಿ," ಎಂದು ತಾಕೀತು ಮಾಡಿ ಟಾಂಗಾ ಹತ್ತಿಸಿದೆ.

ದವಾಖಾನೆಯಲ್ಲಿ ಎದೆಯುಬ್ಬಿಸಿ ನಿಂತೆ. ಚೇಳಿಗೆ ಅರಬ್ಬಿಯಲ್ಲಿ ಅಕ್ರಬ್ ಎನ್ನುತ್ತಾರೆ. ಆ ಶಬ್ದವನ್ನು ಹೊಟ್ಟೆಯ ತಳದಿಂದ ಎತ್ತಿ, "ಖ್ಖ್... ಅಖ್ಖ್... ಅಖ್ಖ್ರಬ್!" ಎಂದೆ.

ಡಾಕ್ಟರಮ್ಮ ಕುರ್ಚಿಯಿಂದ ದಡಕ್ಕನೆ ಎದ್ದರು. ನನ್ನ ಉಚ್ಚಾರ ಅವರ ಹೃದಯ ಮುಟ್ಟಿತೆಂದು ಹಿಗ್ಗಿದೆ. ಅವರು ನನ್ನ ದವಡೆ ಹಿಡಿದು, ಬಾಯಿ ಅಗಲಿಸಿ, ನಾಲಿಗೆಯನ್ನು ಚಮಚೆಯಿಂದ ಅದುಮಿ, ಮುಂಬೈಯಿಂದ ಜೊತೆಗೆ ಬಂದಿದ್ದ ನರ್ಸಿಗೆ ಏನೋ ಕೂಗಿ ಹೇಳಿದರು. ಮರಾಠಿಯಲ್ಲಿ!

ಶಾಂತಾಬಾಯಿಯ ತವರು ಸೊಲ್ಲಾಪುರ. ಅಷ್ಟು ನೋವಿನಲ್ಲೂ ಅವಳ ಮುಖ ಅರಳಿತು. ಬೆರಳು ಮುಂದೆ ಚಾಚಿ ಮರಾಠಿಯಲ್ಲೇ ಗಳಗಳ ಹೇಳಿಕೊಂಡಳು. ಡಾಕ್ಟರಮ್ಮ ನನ್ನ ದವಡೆ ಬಿಟ್ಟು ಅವಳ ಬೆರಳು ಹಿಡಿದರು. ಸೂಜಿ ಚುಚ್ಚಿದರು. ನೋವು ಇಳಿದ ಮೇಲೆ ಇಬ್ಬರೂ ನನ್ನತ್ತ ನೋಡಿ ನೋಡಿ ನಕ್ಕರು.

"ಏನಂತ?" ಎಂದೆ. ದುಭಾಷಿಗೇ ದುಭಾಷಿ ಬೇಕಾಯಿತು!

"ಅವರ ಮನ್ಯಾಗ ಮುತ್ತಜ್ಜನ ಕಾಲದಿಂದ್ಲೂ ಮರಾಠೀನ ಮಾತಾಡೋದಂತ್ರಿ. ಹೀಬ್ರೂ ಪ್ರಾರ್ಥನಾಕ್ಕ ಅಷ್ಟ. ಕೊಚ್ಚಿ ಯಹೂದಿಗಳು ಮಲಯಾಳಂ ಮಾತಾಡ್ತಾರಂತ, ಬಗ್ದಾದದವ್ರು ಅರಬ್ಬಿ. ನೀವು ಮಂತ್ರ ಸಂಸ್ಕೃತದಾಗ ಹೇಳ್ತೀರಿ, ಉಪ್ಪೂ ಸಂಸ್ಕೃತದಾಗ ಕೇಳ್ತೀರೇನು ಅನ್ನಾಕತ್ಯಾರ."

"ಮತ್ತ ನನ್ನ ಬಾಯಿ ಯಾಕ ನೋಡಿದ್ರು?"

"ಗಂಟಲದಾಗ ಏನೋ ಸಿಕ್ಕೊಂಡು ಉಸಿರು ಕಟ್ಟೇದ ಅಂತ ತಿಳಿದ್ರಂತ."

ಇಷ್ಟಾದರೂ ಪಂಡಿತ ಸೋಲಬಹುದೇ? ಹೊರಡುವಾಗ ಡಾಕ್ಟರಮ್ಮನಿಗೆ ಕೈಮುಗಿದು, ಹೆಂಡತಿಯ ಬಾಯಲ್ಲಿ ದಿನವೂ ಕೇಳುತ್ತಿದ್ದ ಒಂದು ಮರಾಠಿ ಮಾತನ್ನು ಅತ್ಯಂತ ಗಂಭೀರವಾಗಿ ಒಪ್ಪಿಸಿದೆ. ಮೆಚ್ಚುಗೆಯ ಮಾತೆಂದೇ ನನ್ನ ನಂಬಿಕೆ. ನರ್ಸಿನ ಕೈಯಿಂದ ಬಟ್ಟಲು ಜಾರಿ ಬಿತ್ತು. ಶಾಂತಾಬಾಯಿ ನನ್ನ ತೋಳು ಹಿಡಿದು ಹೊರಗೆಳೆದಳು.

"ಅಯ್ಯ, ಅದು 'ಹುಚ್ಚಾಟ ಬಿಡ್ರಿ, ಬಾಯಿ ಮುಚ್ರಿ' ಅಂತ್ರೀ!"

ಮದುವೆಯಾದಂದಿನಿಂದಲೂ ಆ ಮಾತು ಕೇಳಿದಾಗಲೆಲ್ಲ ನಾನು ಬೀಗಿ ತಲೆದೂಗುತ್ತಿದ್ದೆ!