ಅತ್ತೆಯ ಮೂರನೇ ಹೊಲಿಗೆ

ನಮ್ಮ ಸೋದರತ್ತೆ ಕೆರಿಬಿಯನ್ ಸಮುದ್ರ ನೋಡಿ ಬಂದಿದ್ದಾರೆ ಅಂತ ಬ್ಯಾಡರಹಳ್ಳಿಯಲ್ಲಿ ಯಾರಾದರೂ ನಿಮಗೆ ಹೇಳಿದರೆ ದಯವಿಟ್ಟು ಪೂರ್ತಿ ನಂಬಬೇಡಿ. ಆರು ದಿನ ಅದರ ಮೇಲೆ ತೇಲಿದ್ದಾರೆ, ನಿಜ. ಮೂರು ಊರುಗಳಲ್ಲಿ ಅದರ ದಡಕ್ಕೆ ಇಳಿದಿದ್ದಾರೆ, ಅದೂ ನಿಜ. ಆದರೆ ನೋಡಿದರೇ? ಅದು ಬೇರೆ ಮಾತು! ಎದುರಿಗೆ ಕಡಲಿರಲಿ, ಆನೆಯಿರಲಿ, ಅತ್ತೆ ನೋಡುವುದು ಒಂದನ್ನೇ. ಜನರ ಕತ್ತು. ಕತ್ತಿನಲ್ಲಿರುವ ಸರವಲ್ಲ ಸ್ವಾಮಿ, ಕತ್ತಿನ ಸುತ್ತ ಇರುವ ಹೊಲಿಗೆ.

ಇದಕ್ಕೆ ಕಾರಣ ಇದೆ. ಅತ್ತೆ ಕೆಂಗೇರಿ ಕಡೆಯ ಒಂದು ಗಾರ್ಮೆಂಟ್ಸಿನಲ್ಲಿ ಇಪ್ಪತ್ತಾರು ವರ್ಷ ಟೀ ಶರ್ಟಿನ ಕತ್ತಿನ ಒಳಪಟ್ಟಿ ಹೊಲಿದವರು. ತೋಳಲ್ಲ, ಜೇಬಲ್ಲ, ಬರೀ ಒಳಪಟ್ಟಿ. ಒಂದು ಭುಜದಿಂದ ಇನ್ನೊಂದು ಭುಜಕ್ಕೆ ಒಂದು ಗೇಣು ಹೊಲಿದು ಮುಂದಕ್ಕೆ ತಳ್ಳಬೇಕು, ಅಷ್ಟರಲ್ಲಿ ಮುಂದಿನದು ಬಂದಿರುತ್ತೆ. ಹೊಲಿಗೆ ಬಿಚ್ಚಿಕೊಳ್ಳದಿರಲಿ ಅಂತ ಕೊನೆಯಲ್ಲಿ ಮೆಷಿನ್ನನ್ನು ಎರಡು ಸಲ ಹಿಂದೆ ಮುಂದೆ ಓಡಿಸಬೇಕು ಅನ್ನೋದು ಅಲ್ಲಿಯ ನಿಯಮ. ಅತ್ತೆ ಮೂರು ಸಲ ಓಡಿಸುತ್ತಿದ್ದರು. ಮೂರನೆಯದನ್ನು ಇನ್‌ಚಾರ್ಜ್ ಈ ಕಡೆ ತಿರುಗುವುದರೊಳಗೆ ಗಡಿಬಿಡಿಯಲ್ಲಿ ಹಾಕುತ್ತಿದ್ದರಿಂದ ಅದು ಯಾವಾಗಲೂ ಒಂಚೂರು ವಾರೆ.

ಸಿಕ್ಕಿಬಿದ್ದಾಗಲೆಲ್ಲ ಬೈಗುಳ.

"ದಾರ ದಂಡ, ಟೈಮು ದಂಡ! ಒಳಗಡೆ ಇರೋದನ್ನ ಯಾರು ನೋಡ್ತಾರಮ್ಮಾ?"

"ದಿನಾ ಒಂದು ತಲೆ ತೂರತ್ತಲ್ಲ ಸಾರ್, ಹೊಲಿಗೆ ಅಲ್ಲೇ ಬಿಟ್ಕೊಳೋದು" ಅಂತ ಅತ್ತೆ ತಲೆ ತಗ್ಗಿಸಿಕೊಂಡೇ ಹೇಳಿ, ಮುಂದಿನ ಶರ್ಟಿಗೂ ಮೂರು ಹಾಕುತ್ತಿದ್ದರು. ಹಟಮಾರಿತನದಲ್ಲಿ ನಮ್ಮ ವಂಶಕ್ಕೆ ಅವರೇ ಹೆಡ್ಡಾಫೀಸು.

ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಎಲ್ಲರೂ ಹುಡುಗನ ಕೆಲಸ, ಮನೆ, ಜಾತಕ ವಿಚಾರಿಸುತ್ತಿದ್ದರೆ ಅತ್ತೆ ಮಾತ್ರ ಕಾಫಿ ಕೊಡುವ ನೆಪದಲ್ಲಿ ಹುಡುಗನ ಹಿಂದೆ ಎರಡು ಸುತ್ತು ಹಾಕಿದರು. ಆಮೇಲೆ ಅಡುಗೆಮನೆಗೆ ಬಂದು ನನ್ನ ಕಿವಿಯಲ್ಲಿ, "ಒಪ್ಕೊಳೇ. ಕಾಲರ್ ತುದಿ ಎರಡೂ ಸಮ ಇದೆ" ಅಂದರು. ಹೀಗೆ ನನ್ನ ಮದುವೆಯಾಯಿತು! ಆ ಅಂಗಿ ಅವರ ಅಣ್ಣನದು ಅಂತ ಗೊತ್ತಾಗಿದ್ದು ಹನಿಮೂನ್ ಮುಗಿದ ಮೇಲೆ.

ಕೆಲಸ ಬಿಟ್ಟ ಮೇಲೂ ಅತ್ತೆಗೆ ಒಂದು ಕೊರಗು ಉಳಿದೇ ಇತ್ತು. ಅವರು ಹೊಲಿದದ್ದೆಲ್ಲ ಪೆಟ್ಟಿಗೆ ತುಂಬಿಕೊಂಡು ಸಮುದ್ರ ದಾಟಿ ಹೋಗುತ್ತಿತ್ತು. "ಇಪ್ಪತ್ತಾರು ವರ್ಷ ಹೊಲಿದೆ ಕಣೇ. ಅದನ್ನ ಒಬ್ಬ ಮನುಷ್ಯ ಹಾಕ್ಕೊಂಡಿದ್ದು ಇವತ್ತಿನವರೆಗೂ ನಾನು ನೋಡಿಲ್ಲ" ಅನ್ನುತ್ತಿದ್ದರು. ವಿಜಯನಗರದ ಫುಟ್‌ಪಾತಿನಲ್ಲಿ ಎಕ್ಸ್‌ಪೋರ್ಟ್ ಮಾಲು ರಾಶಿ ಹಾಕಿರುತ್ತಾರಲ್ಲ, ಅದನ್ನು ತೋರಿಸಿದರೆ ಕೋಪ ಬೇರೆ! "ಅದು ರಿಜೆಕ್ಟ್ ಆಗಿದ್ದು. ನಂದು ಯಾವತ್ತೇ ರಿಜೆಕ್ಟ್ ಆಗಿತ್ತು?"

ಹೀಗಿರುವಾಗ ಸುಂಕದಕಟ್ಟೆಯಲ್ಲಿರುವ ನಮ್ಮ ಹಾರ್ಡ್‌ವೇರ್ ಅಂಗಡಿಗೆ ಅದೃಷ್ಟ ಖುಲಾಯಿಸಿತು. ಅತಿ ಹೆಚ್ಚು ಪೈಪು ಮಾರಿದ ಡೀಲರುಗಳಿಗೆ ಪೈಪಿನ ಕಂಪನಿಯವರು ಕೆರಿಬಿಯನ್ ಹಡಗಿನ ಪ್ರವಾಸ ಇಟ್ಟರು. ಒಳಚರಂಡಿ ಪೈಪು ಮಾರಿ ನೀಲಿ ಸಮುದ್ರಕ್ಕೆ ಹೋದವರಲ್ಲಿ ನಾವೇ ಮೊದಲಿಗರಿರಬೇಕು! ನಾನು, ನಮ್ಮನೆಯವರು, ಹನ್ನೆರಡು ವರ್ಷದ ಮಗಳು ಹೊರಟೆವು. ಅತ್ತೆಯನ್ನು ಕರೆದರೆ, "ನನಗ್ಯಾಕೆ ಬಿಡೇ, ಮೊಣಕಾಲು ನೋವು" ಅಂದರು. ಆದರೆ ಹಡಗು ನಿಂತ ಊರಲ್ಲೆಲ್ಲ ಕೆಳಗಿಳಿದು ಸುತ್ತಾಡಿ ಬರಬಹುದು ಅಂತ ಮಗಳು ಓದಿ ಹೇಳಿದ್ದೇ ತಡ, ಮೊಣಕಾಲು ಗಪ್‌ಚಿಪ್.

"ಅಲ್ಲಿ ಜನ ಟೀ ಶರ್ಟ್ ಹಾಕ್ತಾರಾ?"

"ಅದನ್ನೇ ಹಾಕೋದು ಅಜ್ಜಿ."

"ಹಂಗಾದ್ರೆ ನನ್ನ ಪಾಸ್‌ಪೋರ್ಟು ಮಾಡ್ಸಿ."

ಮೊದಲು ಇಳಿದದ್ದು ಬಹಾಮಾಸಿನ ನಸ್ಸಾವ್‌ನಲ್ಲಿ. ಹಡಗಿನಿಂದ ಇಳಿದವರ ಎದೆಗೆಲ್ಲ ಬಸ್ಸಿನ ನಂಬರಿನ ಸ್ಟಿಕ್ಕರ್ ಅಂಟಿಸಿದರು. ಅತ್ತೆಗೆ ತವರಿಗೆ ಬಂದಷ್ಟು ಖುಷಿ. ಗಾರ್ಮೆಂಟ್ಸಿನಲ್ಲೂ ಕತ್ತರಿಸಿದ ಬಟ್ಟೆಗೆ ಹೀಗೇ ನಂಬರ್ ಅಂಟಿಸುತ್ತಾರಂತೆ. "ನಾವು ಹದಿನಾಲ್ಕನೇ ಬಂಡಲ್ಲು, ಮಿಕ್ಸ್ ಆಗಬೇಡಿ" ಅಂತ ನಮಗೆಲ್ಲ ಎಚ್ಚರಿಕೆ ಕೊಟ್ಟರು.

ಅಲ್ಲೊಂದು ಹಳೇ ಕೋಟೆ. ಮೇಲಿಂದ ನೋಡಿದರೆ ಮೂರು ದಿಕ್ಕಿಗೂ ನೀರು. ಎಲ್ಲರೂ ಸಮುದ್ರದ ಕಡೆ ಮುಖ ಮಾಡಿ ನಿಂತಿದ್ದರು. ಅತ್ತೆಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? ಸಾಲಾಗಿ ನಲವತ್ತು ಬೆನ್ನು! ಕೈ ಹಿಂದೆ ಕಟ್ಟಿಕೊಂಡು, ಕನ್ನಡಕ ಮೂಗಿನ ತುದಿಗೆ ಇಳಿಸಿ, ತಪಾಸಣೆಗೆ ಹೊರಟರು. ಒಬ್ಬ ಭಾರಿ ಗಾತ್ರದ ಅಮೆರಿಕದ ಯಜಮಾನರ ಹತ್ತಿರ ನಿಂತು ಬೆರಳು ತೋರಿಸಿ, "ಸಾರ್, ನೆಕ್ಕು" ಅಂದರು. ಪಾಪ, ಕತ್ತಿನ ಮೇಲೆ ಏನೋ ಹುಳ ಕೂತಿದೆ ಅಂದುಕೊಂಡ ಆ ಮನುಷ್ಯ ಉಸಿರು ಬಿಗಿಹಿಡಿದು ಕಲ್ಲಾದರು. ಅತ್ತೆ ನಿಧಾನವಾಗಿ ಶರ್ಟಿನ ಕತ್ತು ಮಗುಚಿ ನೋಡಿ, "ಬಾಂಗ್ಲಾದ್ದು" ಅಂತ ತೀರ್ಪು ಕೊಟ್ಟು ಮುಂದಕ್ಕೆ ಹೋದರು. ಜೀವ ಉಳಿಯಿತು ಅಂತ ಅವರು ಎರಡು ಸಲ ಥ್ಯಾಂಕ್ಸ್ ಹೇಳಿದರು. ಆಮೇಲೆ ಹಡಗಿನಲ್ಲಿ ಕಂಡಾಗಲೆಲ್ಲ ಅತ್ತೆಗೆ ಕೈ ಬೀಸುತ್ತಿದ್ದರು.

ಎರಡನೇ ಇಳಿತ ಜಮೈಕಾದಲ್ಲಿ. ಜಲಪಾತ ಹತ್ತುವ ಕಾರ್ಯಕ್ರಮ. ಅಲ್ಲಿ ಅತ್ತೆಗೆ ಆದ ಆಘಾತ ಹೇಳತೀರದು. ಜನರೆಲ್ಲ ಈಜುಡುಗೆಯಲ್ಲಿ!

"ಇಷ್ಟು ದೂರ ಬಂದ್ರೆ ಒಬ್ರೂ ಶರ್ಟೇ ಹಾಕಿಲ್ವಲ್ಲೇ!"

ಆದರೆ ಹಾಕಿದ್ದನ್ನು ಬಿಚ್ಚಿ ಎಲ್ಲೋ ಇಟ್ಟಿರಬೇಕಲ್ಲವೇ? ಅತ್ತೆಯ ತಲೆಗೆ ಅದು ಹೊಳೆಯಲು ಎಷ್ಟು ಹೊತ್ತು? ನಾವು ಕೈಕೈ ಹಿಡಿದು ಬಂಡೆ ಹತ್ತಿ, ಜಾರಿ, ಕಿರುಚಿ, ತೊಯ್ದು ತೊಪ್ಪೆಯಾಗಿ ಇಳಿದು ಬಂದರೆ, ಕೆಳಗೆ ಬೆಂಚಿನ ಮೇಲಿದ್ದ ಐವತ್ತು ಜನರ ಶರ್ಟುಗಳನ್ನು ಒಳಮಗ್ಗುಲು ಹೊರಗೆ ಮಾಡಿ ಸಾಲಾಗಿ ಜೋಡಿಸಿ ಕೂತಿದ್ದಾರೆ! ಪಕ್ಕದಲ್ಲಿ ಕಾವಲಿನ ಹೆಂಗಸು ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಾಳೆ. ನಮ್ಮನೆಯವರು ನೀರು ಸುರಿಸುತ್ತಾ ಓಡಿ, "ಕ್ವಾಲಿಟಿ ಚೆಕಿಂಗ್ ಮೇಡಂ, ಓನ್ಲಿ ಕ್ವಾಲಿಟಿ ಚೆಕಿಂಗ್" ಅಂದರು. ಆಕೆ ಅತ್ತೆಯನ್ನು ಮೇಲಿಂದ ಕೆಳಗೆ ನೋಡಿ, ಕಂಕುಳ ಕೆಳಗೆ ಹೊಲಿಗೆ ಬಿಟ್ಟುಕೊಂಡಿದ್ದ ತನ್ನ ಸಮವಸ್ತ್ರ ತೋರಿಸಿದಳು. ಅತ್ತೆ ಸೊಂಟದ ಚೀಲದಿಂದ ಸೂಜಿ ದಾರ ತೆಗೆದು ಅಲ್ಲೇ ಹೊಲಿದರು. ಕೇಸು ಖುಲಾಸೆ.

ನಗುತ್ತಿದ್ದೀರಿ ಅಲ್ಲವಾ? ನಾನು ಆವತ್ತು ನಗಲಿಲ್ಲ. ಜೊತೆಗೆ ಬಂದಿದ್ದ ಬೇರೆ ಡೀಲರುಗಳ ಹೆಂಡತಿಯರೆಲ್ಲ ಬಾಯಿಗೆ ಟವೆಲ್ ಹಿಡಿದು ಪಿಸುಗುಟ್ಟುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಹಡಗಿಗೆ ವಾಪಸ್ ಬಂದ ಮೇಲೆ ಅಂದೇಬಿಟ್ಟೆ.

"ಸಾಕು ಅತ್ತೆ. ಪ್ರಪಂಚದಲ್ಲಿ ಎಷ್ಟು ಕೋಟಿ ಶರ್ಟಿದಾವೆ, ನಿಮ್ಮದು ಸಿಗತ್ತಾ? ಎಲ್ರೂ ನಗ್ತಿದಾರೆ. ನಾಳೆ ಕೊನೇ ಊರು. ಒಂದು ದಿನ ಸುಮ್ನೆ ಸಮುದ್ರ ನೋಡಿ."

ಅತ್ತೆ ಜಗಳಕ್ಕೆ ಬರಲಿಲ್ಲ. ಇನ್‌ಚಾರ್ಜ್ ಮುಂದೆ ತಗ್ಗಿಸುತ್ತಿದ್ದ ಹಾಗೇ ತಲೆ ತಗ್ಗಿಸಿ, "ಸರಿ ಕಣೇ. ನಾಳೆ ನೋಡಲ್ಲ" ಅಂದರು. ಆ ತಲೆ ತಗ್ಗಿಸಿದ್ದು ನೋಡಿ, ಅನ್ನಬಾರದಿತ್ತು ಅನ್ನಿಸಿತು. ಮಾತು ಆಡಿದ್ದಾಗಿತ್ತು.

ಮರುದಿನ ಮೆಕ್ಸಿಕೋದ ಕೊಝುಮೆಲ್. ಅತ್ತೆ ಮಾತಿಗೆ ತಪ್ಪುವವರಲ್ಲ. ಇಡೀ ದಿನ ನೆಲ ನೋಡಿಕೊಂಡೇ ನಡೆದರು. ಕತ್ತೂ ನೋಡಲಿಲ್ಲ, ಕಡಲೂ ನೋಡಲಿಲ್ಲ. ಕನ್ನಡಕ ಡಬ್ಬಿಯಲ್ಲೇ ಇತ್ತು. ತಮಾಷೆ ಏನು ಗೊತ್ತಾ? ಅವರು ಬಿಟ್ಟ ಕೆಲಸ ನಾನು ಹಿಡಿದುಕೊಂಡಿದ್ದೆ! ಬಸ್ಸಿನಲ್ಲಿ ಮುಂದಿನ ಸೀಟಿನವರ ಕತ್ತು, ಅಂಗಡಿಯವನ ಕತ್ತು, ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಹಡಗು ಹೊರಡಲು ಇನ್ನು ಒಂದು ಗಂಟೆಯಿತ್ತು. ದಾರಿಯಲ್ಲಿ ಒಬ್ಬ ವಯಸ್ಸಾದ ಹೆಂಗಸು ತಳ್ಳುಗಾಡಿಯಲ್ಲಿ ಮಾವಿನಕಾಯಿ ಹೆಚ್ಚಿ ಉಪ್ಪುಖಾರ ಹಾಕಿ ಮಾರುತ್ತಿದ್ದಳು. ಥೇಟ್ ನಮ್ಮ ಸುಂಕದಕಟ್ಟೆ ಬಸ್ ಸ್ಟಾಪೇ! ಮಗಳು ಬೇಕು ಅಂದಳು. ಆ ಹೆಂಗಸು ಮಾವಿನ ಕಲೆ ಕಾಣದಿರಲಿ ಅಂತಲೋ ಏನೋ ಟೀ ಶರ್ಟನ್ನು ಒಳಮಗ್ಗುಲು ಹೊರಗೆ ಮಾಡಿ ತೊಟ್ಟಿದ್ದಳು. ಬುಟ್ಟಿಯಿಂದ ಕಾಯಿ ತೆಗೆಯಲು ಬಗ್ಗಿದಳು. ಕತ್ತಿನ ಒಳಪಟ್ಟಿ ನನ್ನ ಕಣ್ಣಿನ ಮುಂದೆಯೇ ಬಂತು.

ಹೊಲಿಗೆಯ ಕೊನೆಯಲ್ಲಿ ಒಂದು, ಎರಡು, ಮೂರು. ಮೂರನೆಯದು ವಾರೆ.

"ಅತ್ತೆ" ಅಂದೆ. ಅವರ ತೋಳು ಹಿಡಿದು ಎಳೆದೆ. "ಅತ್ತೆ, ಕನ್ನಡಕ ಹಾಕ್ಕೊಳಿ."

"ಬೇಡ ಕಣೇ, ಜನ ನಗ್ತಾರೆ."

"ನಗ್ಲಿ ಬಿಡಿ. ನೀವು ನೋಡಿ."

ಅತ್ತೆ ನೋಡಿದರು. ಶರ್ಟಿನ ಬಣ್ಣ ಯಾವುದಾಗಿತ್ತೋ ದೇವರೇ ಬಲ್ಲ. ಅಂಚೆಲ್ಲ ಬಿಟ್ಟುಹೋಗಿತ್ತು, ಬೆನ್ನಿನಲ್ಲಿ ಎರಡು ತೂತು. ಕತ್ತು ಮಾತ್ರ ಒಂದು ಎಳೆಯೂ ಸಡಿಲವಾಗಿರಲಿಲ್ಲ. ಅತ್ತೆ ಬೆರಳ ತುದಿಯಿಂದ ಆ ಮೂರನೇ ಹೊಲಿಗೆಯನ್ನು ಮುಟ್ಟಿದರು. ಆ ಹೆಂಗಸು ಬೆಚ್ಚಿ ತಿರುಗಿದಳು. ಅವಳಿಗೆ ಕನ್ನಡ ಬಾರದು, ಇವರಿಗೆ ಅವಳ ಮಾತು ಬಾರದು. ಅತ್ತೆ ರಸ್ತೆಯಲ್ಲೇ ನಿಂತು ಬಲಗಾಲು ಒತ್ತಿ, ಎರಡೂ ಕೈ ಮುಂದಕ್ಕೆ ತಳ್ಳಿ, "ಡರ್ರ್ರ್" ಅಂದರು. ಅವಳ ಶರ್ಟು ತೋರಿಸಿದರು, ತಮ್ಮ ಎದೆ ಮುಟ್ಟಿಕೊಂಡರು. ಇನ್ನೊಂದು ಸಲ "ಡರ್ರ್ರ್".

ಅವಳಿಗೆ ಅರ್ಥವಾಯಿತು. ಚಾಕು ಕೆಳಗಿಟ್ಟು, ಕೈ ಒರೆಸಿಕೊಂಡು, ಅತ್ತೆಯ ಬಲಗೈ ಎತ್ತಿ ಬೆರಳುಗಳನ್ನು ನೋಡಿದಳು. ಆಮೇಲೆ ಆ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ನಮ್ಮತ್ತೆ ಏನು ಮಾಡಿದರು ಗೊತ್ತಾ? ಎಡಗೈಯಿಂದ ಅವಳ ಶರ್ಟಿನ ಕತ್ತು ಎಳೆದು ನೇರ ಮಾಡಿದರು. ನಾನು ಶಾಲೆಗೆ ಹೊರಟಾಗ ದಿನಾ ಬಾಗಿಲಲ್ಲಿ ನಿಲ್ಲಿಸಿ ಹಾಗೇ ಮಾಡುತ್ತಿದ್ದರು. ನನಗೆ ಅಳು ತಡೆಯಲಾಗಲಿಲ್ಲ. ನಮ್ಮನೆಯವರು ಖಾರ ಜಾಸ್ತಿಯಾಯಿತು ಅಂತ ಕಣ್ಣು ಒರೆಸಿಕೊಂಡರು. ಅವರಿನ್ನೂ ಮಾವಿನಕಾಯಿ ಬಾಯಿಗೇ ಇಟ್ಟಿರಲಿಲ್ಲ.

ಹಡಗು ಹೊರಟಾಗ ಅತ್ತೆ ಮೇಲಿನ ಡೆಕ್ಕಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಪಕ್ಕದಲ್ಲಿ ಎಷ್ಟೋ ಜನ ಟೀ ಶರ್ಟಿನವರು ಓಡಾಡಿದರು, ತಿರುಗಿಯೂ ನೋಡಲಿಲ್ಲ. ನಾನು ಹತ್ತಿರ ಹೋಗಿ, "ನಿನ್ನೆ ಹಂಗಂದಿದ್ದು ತಪ್ಪಾಯ್ತು ಅತ್ತೆ" ಅಂದೆ.

"ಹೋಗ್ಲಿ ಬಿಡೇ. ಇನ್ನೂ ಗಟ್ಟಿಯಾಗಿದೆ, ನೋಡಿದ್ಯಲ್ಲ?"

"ನೋಡ್ದೆ."

ಅತ್ತೆ ತಲೆಯೆತ್ತಿದರು. ಸಂಜೆ ಬಿಸಿಲಿಗೆ ನೀಲಿ ನೀರು ಕಣ್ಣು ಹಾಯಿಸಿದಷ್ಟು ದೂರವೂ ಹೊಳೆಯುತ್ತಿತ್ತು. ತುಂಬ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದು, ಆಮೇಲೆ ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಕೇಳಿದರು:

"ಇದು ನಾವು ಬಂದಾಗಿಂದ್ಲೂ ಇಲ್ಲೇ ಇತ್ತೇನೇ?"