ಮಾರಿದ ಮೇಲೆ ಬೆಚ್ಚಗಾದ ಟ್ರೈಲರ್

ಟೆಕ್ಸಾಸಿನಲ್ಲಿ ಚಳಿಯೇ ಇಲ್ಲ ಎಂದು ನಂಬಿ ಟ್ರೈಲರ್ ಕೊಂಡವರಿಗೆ ಇಂಥವು ಆಗುತ್ತಲೇ ಇರುತ್ತವೆ. ಕಾರಿನ ಹಿಂದೆ ಎಳೆದೊಯ್ಯುವ ಆ ಪುಟ್ಟ ಮನೆಯನ್ನು ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿ ನಮ್ಮ ಮನೆ ಮುಂದೆ ತಂದು ನಿಲ್ಲಿಸಿದ ದಿನವೇ ಧಾರವಾಡದ ನನ್ನ ಹೆಂಡತಿ ಷರತ್ತು ಹಾಕಿದಳು: "ಒಂದು ಚಳಿಗಾಲ ನೋಡೂಣ್ರಿ. ನಡುಗೂದಾದ್ರ ಮಾರಿಬಿಡೂದು."

ನನಗೋ ಅದರ ಮೇಲೆ ಪ್ರಾಣ. ಮಗಳು ಕಾಲೇಜಿಗೆ ಹೊರಡುವ ಮುಂಚೆ ಮೂವರೂ ಒಂದೇ ಸೂರಿನಡಿ ಹರಟೆ ಹೊಡೆಯುವ ಅವಕಾಶ ಇನ್ನೆಲ್ಲಿ ಸಿಗುತ್ತಿತ್ತು?

೧. ಅನ್ನವೋ ಹೀಟರೋ

ಮೊದಲು ಡಾಲಸ್ ಹತ್ತಿರದ ಒಂದು ಕೆರೆ ದಂಡೆಗೆ ಹೋದೆವು. ಟ್ರೈಲರಿಗೆ ಬಿಸಿಗಾಳಿ ಬಿಡುವ ತನ್ನದೇ ಗ್ಯಾಸ್ ಫರ್ನೇಸ್ ಇತ್ತು. ಆದರೆ ಸಂಜೆಯಾದರೆ ಸಾಕು, ಅದು ಮುಷ್ಕರ ಹೂಡುತ್ತಿತ್ತು. ಕರೆಂಟಿನ ಹೀಟರ್ ಹಾಕಿದೆ. ಅದರ ಜೊತೆ ರೈಸ್ ಕುಕ್ಕರನ್ನೂ ಹಾಕಿದ ಕೂಡಲೇ ಫಟ್ ಎಂದು ಕರೆಂಟ್ ಹೋಯಿತು. "ಎರಡರಲ್ಲಿ ಒಂದು ಇಟ್ಟುಕೊಳ್ಳಿ" ಎಂದ ಕ್ಯಾಂಪಿನ ಮ್ಯಾನೇಜರ್. ಹೊಟ್ಟೆ ಗೆದ್ದಿತು. ಅನ್ನ ಆದ ಮೇಲೆ ಕುಕ್ಕರನ್ನು ಸರದಿಯಂತೆ ತಬ್ಬಿಕೊಂಡು ಕೂತೆವು. ನಾನು ತಟ್ಟೆ ತೆಗೆದರೆ ಹೆಂಡತಿ ಗದರಿದಳು: "ಈಗ ಬಡಿಸಬ್ಯಾಡ್ರಿ, ನನ್ನ ಸರದಿ ಇನ್ನೂ ಮುಗಿದಿಲ್ಲ!"

೨. ಕೊಡೆ

ಮುಂದಿನ ಸಲ ಆಸ್ಟಿನ್ ಕಡೆ. ಅಡುಗೆ ಮಾಡಿದರೆ ಒಳಗೆ ಬೆಚ್ಚಗಾಗುತ್ತದೆ ಎಂಬುದು ನನ್ನ ಇಂಜಿನಿಯರ್ ತಲೆಗೆ ಹೊಳೆದ ಉಪಾಯ. ಬೇಳೆ, ಆಲೂಗಡ್ಡೆ, ಕಡಲೆಕಾಳು, ಒಂದಾದ ಮೇಲೊಂದು ಸೀಟಿ ಹೊಡೆದವು. ಬೆಚ್ಚಗಾಯಿತು ಕೂಡ. ಬೆಳಿಗ್ಗೆ ಎದ್ದರೆ ಆ ಆವಿಯೆಲ್ಲ ಸೂರಿನಿಂದ ತೊಟ್ಟಿಕ್ಕುತ್ತಿದೆ. "ಡ್ಯಾಡ್, ಇಟ್ಸ್ ರೇನಿಂಗ್ ಇನ್‌ಸೈಡ್!" ಎಂದಳು ಮಗಳು. ಕೊಡೆ ಬಿಚ್ಚಿಕೊಂಡೇ ಕಾಫಿ ಕುಡಿದೆವು. ಆಮೇಲೆ ಹೊರಗೆ ಬಿಸಿಲಿಗೆ ಬಂದು ಮೂವರೂ ಕೊಡೆ ಮಡಚಿದ್ದನ್ನು ನೋಡಿ ಪಕ್ಕದ ಟ್ರೈಲರಿನ ಅಜ್ಜಿ ತನ್ನ ನಾಯಿಯನ್ನು ಒಳಗೆ ಕರೆದುಕೊಂಡಳು.

೩. ಮೆಕಿನ್ನಿಯ ಚಹಾ

ಫರ್ನೇಸ್ ನೋಡಲು ಮಧ್ಯಾಹ್ನ ಬಂದ ಮೆಕ್ಯಾನಿಕ್ "ಪರ್ಫೆಕ್ಟ್" ಎಂದು ಹೋದ. ಸಂಜೆ ಮತ್ತೆ ಮುಷ್ಕರ. ಷರತ್ತು ಷರತ್ತೇ. ಡಾಲಸ್ ಪಕ್ಕದ ಮೆಕಿನ್ನಿ ಊರಿನ ಗೆಳೆಯನೊಬ್ಬನಿಗೆ ಮಾರಿಬಿಟ್ಟೆ. ಅವನು ಅದನ್ನು ಎಳೆದುಕೊಂಡು ಹೋಗುವಾಗ ಮಗಳು ರಸ್ತೆಯ ತಿರುವಿನ ತನಕ ಅದರ ಹಿಂದೆಯೇ ನಡೆದಳು. ಅದು ನನಗೆ ಇವತ್ತಿಗೂ ನೋಯುತ್ತದೆ.

ಮರುವರ್ಷದ ಚಳಿಗಾಲದಲ್ಲಿ ಗೆಳೆಯ ನಮ್ಮಿಬ್ಬರನ್ನೂ ಅದೇ ಟ್ರೈಲರಿನಲ್ಲಿ ಚಹಾಕ್ಕೆ ಕರೆದ. ಹೊರಗೆ ಸಂಜೆಯ ಕೊರೆಯುವ ಗಾಳಿ, ಒಳಗೆ ನಾನು ಜಾಕೆಟ್ ಬಿಚ್ಚಬೇಕಾಯಿತು!

"ಏನು ರಿಪೇರಿ ಮಾಡಿಸಿದ್ರಿ?"

"ಏನೂ ಇಲ್ಲ ಸಾರ್, ಹೆಂಗಿತ್ತೋ ಹಂಗೇ ಇದೆ."

ಹೆಂಡತಿ ಗೋಡೆಯ ಗೂಡು ತೋರಿಸಿದಳು. "ಇಲ್ಲೇ ನಮ್ಮ ದೇವರಿತ್ತು. ಸಂಜಿಗೆ ದೀಪ ಹಚ್ಚಿದ್ರ ಬೆಳಗಿನ ತನಕ ಆರಗೊಡ್ತಿರಲಿಲ್ಲ ನಾನು."

ಗೆಳೆಯ ಗೂಡಿನ ಮೇಲೆ ನೋಡಿದ. ಅವನಿಗೆ ಚಹಾ ನೆತ್ತಿಗೇರಿತು. ಸರಿಯಾಗಿ ಅಲ್ಲೇ ಮೇಲೆ, ಒಳಗಿನ ಬಿಸಿ ಅಳೆಯುವ ಫರ್ನೇಸಿನ ಥರ್ಮೋಸ್ಟಾಟ್! ದೀಪದ ಬಿಸಿ ತಾಗಿ, ಟ್ರೈಲರೆಲ್ಲ ಬೆಚ್ಚಗಿದೆ ಎಂದುಕೊಂಡು ಅದು ಫರ್ನೇಸನ್ನು ಆರಿಸುತ್ತಿತ್ತು.

"ವಾಪಸ್ ಕೊಡ್ತೀರಾ?" ನಾಚಿಕೆ ಬಿಟ್ಟು ಕೇಳಿದೆ.

"ನನ್ನ ಮಕ್ಕಳು ಬಿಡಲ್ಲ ಸಾರ್."

ನನ್ನ ಮಗಳು ಆಗಲೇ ಹಾಸ್ಟೆಲ್ ಸೇರಿಯಾಗಿತ್ತು. ಹೆಂಡತಿ ಆ ಗೂಡನ್ನೇ ನೋಡುತ್ತ ನಿಂತಿದ್ದವಳು ನಿಧಾನವಾಗಿ ನನ್ನ ಕಡೆ ತಿರುಗಿದಳು:

"ಅಂದ್ರ, ಆ ಚಳಿಗಾಲ ಪೂರ್ತಿ ದೇವರೊಬ್ಬನೇ ಬೆಚ್ಚಗಿದ್ದ ಅನ್ರಿ!"