ಹದಿನೇಳು ನಿಮಿಷದ ಉತ್ತರ

ಮೂವತ್ತೊಂದು ವರ್ಷಗಳ ಹಿಂದೆ, ಡಾಕ್ಟರೇಟಿನ ಮೌಖಿಕ ಪರೀಕ್ಷೆಯಲ್ಲಿ, ಪ್ರೊಫೆಸರರು ಒಂದೇ ಒಂದು ಪ್ರಶ್ನೆಗೆ ಹದಿನೇಳು ನಿಮಿಷ ಉತ್ತರ ಹೇಳಿದ್ದರು. ಉತ್ತರ ಮೂರೇ ವಾಕ್ಯದ್ದು, ಉಳಿದದ್ದೆಲ್ಲ ಉಗ್ಗು. ಮೂವರು ಪರೀಕ್ಷಕರೂ ನಡುವೆ ಬಾಯಿ ಹಾಕದೆ ಕಾದು, ಕೊನೆಗೆ ಎದ್ದು ನಿಂತು ಕೈಕುಲುಕಿದ್ದರು. ಆಮೇಲೆ ಪ್ರೊಫೆಸರರು ಹನ್ನೊಂದು ಪುಸ್ತಕ ಬರೆದರು, ಹೆಸರು ಮಾಡಿದರು. ಆದರೆ ಅವರ ವಾಕ್ಯವೊಂದು ಮುಗಿಯುವ ತನಕ ಮತ್ತೆ ಯಾರೂ ಕಾಯಲಿಲ್ಲ.

ಇಂದು ನಿವೃತ್ತಿಯ ಬೀಳ್ಕೊಡುಗೆ. ನಾಲ್ಕು ವಾಕ್ಯಗಳನ್ನು ಸ್ವಂತ ಬಾಯಿಂದಲೇ ಹೇಳಿ ಹೋಗಬೇಕೆಂಬುದೊಂದೇ ಅವರ ಆಸೆ. ಒಬ್ಬರೇ ಇರುವ ಮನೆಯಲ್ಲಿ, ಬೀರುವಿನ ಕನ್ನಡಿಯ ಮುಂದೆ ಎರಡು ತಿಂಗಳು ಅಭ್ಯಾಸ ನಡೆದಿತ್ತು. ಕನ್ನಡಿ ಒಮ್ಮೆಯೂ ನಡುವೆ ಬಾಯಿ ಹಾಕಿರಲಿಲ್ಲ.

ಕಾರ್ಯಕ್ರಮ ಪಟ್ಟಿಯಲ್ಲಿ ಅವರ ಮಾತಿಗೆ ಸಿಕ್ಕಿದ್ದು ಎರಡೇ ನಿಮಿಷ. ತಿದ್ದಿಸಲು ಗುಮಾಸ್ತರ ಬಳಿ ಹೋದರು.

"ಎ... ಎರಡು ನಿಮಿಷ..."

"ಜಾಸ್ತಿಯಾಯ್ತಾ ಸರ್? ಒಂದು ಮಾಡ್ತೀನಿ ಬಿಡಿ," ಎಂದು ಗುಮಾಸ್ತರು ಅಲ್ಲೇ ಗೀಚಿದರು.

ದೂರು ಹೊತ್ತು ತಮ್ಮ ವಿಭಾಗದ ಮುಖ್ಯಸ್ಥರ ಬಳಿಗೆ ಹೋದರು. ಪ್ರೊಫೆಸರರ ವಾಕ್ಯಗಳನ್ನು ಪೂರ್ತಿ ಮಾಡುವುದರಲ್ಲಿ ಮುಖ್ಯಸ್ಥರದು ಇಪ್ಪತ್ತು ವರ್ಷ ಪಳಗಿದ ನಾಲಿಗೆ.

"ಸರ್, ನಾ... ನಾನೇ..."

"ನಾನೇ ಯಾಕೆ ಮಾತಾಡ್ಬೇಕು ಅಂತ ತಾನೆ? ನಮ್ಮನಮ್ಮಲ್ಲಿ ಸಂಕೋಚ ಎಂಥದು ಸರ್? ಕೊಡಿ ಇಲ್ಲಿ, ನಾನು ಓದ್ಬಿಡ್ತೀನಿ!" ಪ್ರೊಫೆಸರರ ಕೈಯಲ್ಲಿದ್ದ ಭಾಷಣದ ಹಾಳೆ, ಹದ್ದಿನ ಬಾಯಿಗೆ ಸಿಕ್ಕ ಕೋಳಿಮರಿಯಂತೆ, ಮುಖ್ಯಸ್ಥರ ಜೇಬು ಸೇರಿತು.

ಸಂಜೆ ಸಭೆಯಲ್ಲಿ, ಮುಖ್ಯಸ್ಥರು ಆ ಹಾಳೆಗಾಗಿ ಜೇಬು ತಡಕುವಷ್ಟರಲ್ಲಿ ಪ್ರೊಫೆಸರರೇ ಎದ್ದು ಹೋಗಿ ಮೈಕು ಹಿಡಿದರು. "ಮಾನ್ಯರೇ" ಎನ್ನಬೇಕು. ಬೀಗ ಜಡಿದು ಬೀಗದಕೈಯನ್ನು ಬಾವಿಗೆ ಎಸೆದಂತೆ ತುಟಿಗಳು ಮುಚ್ಚಿಕೊಂಡವು. ಕಣ್ಣು ಮುಚ್ಚಿದರು, ತಲೆ ತಗ್ಗಿಸಿದರು, ಮೇಜಿನ ಅಂಚನ್ನು ಬಿಗಿಹಿಡಿದರು. ಒಂದು ನಿಮಿಷ ಕಳೆಯಿತು. ಒಂದು ಕೆಮ್ಮಿಲ್ಲ, ಒಂದು ಪಿಸುಮಾತಿಲ್ಲ. ಇವರೆಲ್ಲ ಕಾಯುತ್ತಿದ್ದಾರೆ! ಎದೆ ತುಂಬಿ ಬಂದಿತು. ಎರಡನೆಯ ನಿಮಿಷದ ಕೊನೆಗೆ ಬೀಗ ಕಳಚಿತು.

"ಮಾನ್ಯರೇ!"

ಕಣ್ಣು ತೆರೆದರೆ ಸಭೆಗೆ ಸಭೆಯೇ ಎದ್ದು ನಿಂತಿದೆ, ಆ ಮೂವರು ಪರೀಕ್ಷಕರಂತೆ! ಪ್ರೊಫೆಸರರ ಕಣ್ಣು ಮಂಜಾಯಿತು.

ಮುಖ್ಯಸ್ಥರು ಮೆಲ್ಲನೆ ಮೈಕನ್ನು ತಮ್ಮತ್ತ ಎಳೆದುಕೊಂಡರು. "ಮೌನಾಚರಣೆ ಮುಗೀತು, ಎಲ್ರೂ ಕೂತ್ಕೊಳ್ಳಿ. ಇಂಥ ದಿನದಲ್ಲೂ ಅಗಲಿದವರನ್ನ ನೆನೆಯೋದು ಅಂದ್ರೆ ನಮ್ಮ ಸರ್ ಮನಸ್ಸು ಎಷ್ಟು ದೊಡ್ಡದು ನೋಡಿ! ಈಗ ಅವರ ಭಾಷಣ ನಾನು ಓದ್ತೀನಿ."

ಪ್ರೊಫೆಸರರು ಕಣ್ಣು ಮುಚ್ಚಿದ್ದಾಗ ಮೊದಲು ಎದ್ದವರು ಮುಖ್ಯಸ್ಥರೇ; ಕೈಸನ್ನೆ ಮಾಡಿ ಎಲ್ಲರನ್ನೂ ಎಬ್ಬಿಸಿದವರೂ ಅವರೇ. ಇಷ್ಟು ವರ್ಷ ಮಾತನ್ನು ಪೂರ್ತಿ ಮಾಡುತ್ತಿದ್ದ ಮಹಾನುಭಾವರು ಇಂದು ಮೌನವನ್ನೂ ಪೂರ್ತಿ ಮಾಡಿಕೊಟ್ಟಿದ್ದರು.

ಸಭೆ ಮುಗಿದ ಮೇಲೆ ಗುಮಾಸ್ತರು ಕಿವಿಯ ಬಳಿ ಬಗ್ಗಿದರು. "ತೀರಿಕೊಂಡೋರು ಯಾರು ಸರ್? ತುಂಬಾ ಬೇಕಾದೋರಾ?"

"ಯಾ... ಯಾ..."

"ಬೇಡ ಬಿಡಿ ಸರ್, ದುಃಖದಲ್ಲಿದ್ದೀರಿ. ನಾಳೆ ಹೇಳಿ."

ನಾಳೆಯಿಂದ ಅವರಿಗೆ ಅಲ್ಲಿ ಕುರ್ಚಿಯೇ ಇರಲಿಲ್ಲ.

ಹೂಗುಚ್ಛ ಹಿಡಿದು ಗೇಟಿನ ಬಳಿ ಒಬ್ಬರೇ ನಿಂತಿದ್ದಾಗ, ಅವರ ಕೊನೆಯ ಸಂಶೋಧನ ವಿದ್ಯಾರ್ಥಿನಿ ಓಡಿಬಂದಳು.

"ಸರ್, ಹೋಗೋ ಮುಂಚೆ ನಿಮ್ಮ ಆ ಹದಿನೇಳು ನಿಮಿಷದ ಕತೆ ಇನ್ನೊಂದ್ಸಲ ಹೇಳಿ ಸರ್!"

ಪ್ರೊಫೆಸರರ ಮುಖ ಅರಳಿತು. ಹೂಗುಚ್ಛವನ್ನು ಕಟ್ಟೆಯ ಮೇಲಿಟ್ಟು, ನೀಳವಾಗಿ ಉಸಿರೆಳೆದುಕೊಂಡರು.

ಹುಡುಗಿ ಗಡಿಯಾರ ನೋಡಿಕೊಂಡಳು. "ನಿಧಾನವಾಗಿ ಹೇಳಿ ಸರ್. ನನ್ನ ಬಸ್ಸಿಗೆ ಇನ್ನೂ ಐದು ನಿಮಿಷ ಇದೆ."